ಬೋಪಣ್ಣ ಏರಿದ ಮೆಟ್ಟಿಲು ನಮ್ಮೂರಿಗೆಷ್ಟು ದೂರ?

ಕಿನ್ನಾಳ: 2025ರ ನವೆಂಬರ್‌ನಲ್ಲಿ ನಿವೃತ್ತಿ ಘೋಷಿಸಿದ ಕೊಡಗಿನ ರೋಹನ್ ಬೋಪಣ್ಣ ಅವರಿಗೆ ಮೊದಲ ಗ್ರ್ಯಾನ್‌ಸ್ಲಾಮ್ ಪ್ರಶಸ್ತಿ ಒಲಿದದ್ದು 2017ರಲ್ಲಿ, 37ನೇ ವಯಸ್ಸಿನಲ್ಲಿ. 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದು ವಿಶ್ವದ ಅಗ್ರ ಶ್ರೇಯಾಂಕಕ್ಕೇರಿದಾಗ ಅವರಿಗೆ 43.

ಟೆನಿಸ್‌ನಲ್ಲಿ ಪ್ರತಿಭೆ ಫಲಿಸಲು ಇಷ್ಟು ಕಾಲ ಬೇಕಾದೀತು. ಅಲ್ಲಿಯವರೆಗೆ ಆಟಗಾರನನ್ನು ಸಾಕುವವರು ಯಾರು? ಶ್ರೇಯಾಂಕದ ಅಂಕಗಳಿಗಾಗಿ ದೇಶದೇಶ ಅಲೆಯಬೇಕು. ಕೆಳಹಂತದ ಟೂರ್ನಿಗಳ ಬಹುಮಾನ ಪ್ರಯಾಣದ ವೆಚ್ಚಕ್ಕೂ ಸಾಲದು. 2023ರಲ್ಲಿ ಕಲಬುರಗಿಯಲ್ಲಿ ನಡೆದ ಅಂತರರಾಷ್ಟ್ರೀಯ ಟೂರ್ನಿ ಆ ಅಂಕಗಳನ್ನು ನಮ್ಮ ಭಾಗಕ್ಕೇ ತಂದಿತ್ತು. ಆದರೆ ಅಂಕಣವೂ ತರಬೇತುದಾರರೂ ಇಲ್ಲದ ಹಳ್ಳಿಯ ಮಗುವಿಗೆ ಅದು ಕೇವಲ ನೋಟ.

ಕಿನ್ನಾಳದ ಗೊಂಬೆ ಕಲೆ ಉಳಿದದ್ದು ಬಾಲ್ಯದಲ್ಲೇ ಕೈಹಿಡಿದು ಕಲಿಸಿದವರಿದ್ದುದರಿಂದ. ಟೆನಿಸ್‌ಗೂ ಮೊದಲು ಬೇಕಾದದ್ದು ಪ್ರಶಸ್ತಿ ಗೆದ್ದ ಮೇಲಿನ ಸನ್ಮಾನವಲ್ಲ. ತಾಲ್ಲೂಕಿಗೊಂದು ಅಂಕಣ, ಅಲ್ಲೊಬ್ಬ ಗುರು.