ಕಂಚುಗಾರನ ಟಂಕ್ ಟಂಕ್



ಏಪ್ರಿಲ್ ತಿಂಗಳ ಮುಂಬಯಿ ಸೆಕೆಯಲ್ಲಿ ಫ್ಯಾನಿನ ಕೆಳಗೆ ಪುಸ್ತಕ ಹಿಡಿದು ಕುಳಿತಾಗ 'ಟಂಕ್, ಟಂಕ್, ಟಂಕ್' ಎಂಬ ಸದ್ದು ನಿಮಗೂ ಕೇಳಿಸಿರಬಹುದು. ಪಕ್ಕದ ಬಿಲ್ಡಿಂಗಿನಲ್ಲಿ ಯಾರೋ ರಿಪೇರಿ ಮಾಡಿಸುತ್ತಿದ್ದಾರೆಂದು ಬೈದುಕೊಳ್ಳಬೇಡಿ. ಅದೊಂದು ಹಕ್ಕಿ! ನಿಮ್ಮ ಮರಾಠಿ ಗೆಳೆಯರಿಗೆ ಅದು 'ತಾಂಬಟ್', ಇಂಗ್ಲಿಷಿನಲ್ಲಿ ಕಾಪರ್‌ಸ್ಮಿತ್ ಬಾರ್ಬೆಟ್, ನಮಗೆ ಕಂಚುಗಾರ ಹಕ್ಕಿ. ತಾಮ್ರವೋ ಕಂಚೋ, ಮೂರು ಭಾಷೆಯವರಿಗೂ ಪಾತ್ರೆ ಬಡಿಯುವವನೇ ನೆನಪಾದದ್ದು ತಮಾಷೆಯಲ್ಲವೇ?

ಕೇಳುವುದು ಸುಲಭ, ಕಾಣುವುದು ಕಷ್ಟ. ಗುಬ್ಬಿಗಿಂತ ತುಸು ದೊಡ್ಡದು, ದಪ್ಪ ಕೊಕ್ಕು, ಹಸಿರು ಮೈ. ಎಲೆಗಳ ನಡುವೆ ಕೂತರೆ ಮುಗಿಯಿತು, ಹುಡುಕಿ ಪ್ರಯೋಜನವಿಲ್ಲ. ಬೆಳಿಗ್ಗೆ ಬೋಳು ಕೊಂಬೆಯ ತುದಿಯಲ್ಲಿ ಬಿಸಿಲು ಕಾಯಿಸುತ್ತಿರುವಾಗ ನೋಡಿ: ಹಣೆ ಕೆಂಪು, ಗಂಟಲು ಹಳದಿ, ಎದೆಯ ಮೇಲೆ ಕುಂಕುಮದ ಪಟ್ಟಿ. ಕೂಗುವಾಗ ಅದು ಬಾಯಿ ತೆರೆಯುವುದಿಲ್ಲ, ಗಂಟಲು ಮಾತ್ರ ಉಬ್ಬುತ್ತದೆ. ಸುತ್ತಮುತ್ತ ಆಲವೋ ಅರಳಿಯೋ ಹಣ್ಣು ಬಿಟ್ಟಿದ್ದರೆ ಅಲ್ಲೇ ಕಾಯಿರಿ. ಕೋಗಿಲೆಯೂ ಅಲ್ಲಿಗೆ ಬರುತ್ತದೆ. (ಇಂಪಾಗಿ ಕೂಗುವುದು ಗಂಡು, ನಮ್ಮ ಹಾಡುಗಳೆಲ್ಲ ಹೆಣ್ಣಿಗೆ ಆ ಕೀರ್ತಿ ಕೊಟ್ಟಿವೆ, ಇರಲಿ ಬಿಡಿ.)

ನಿಮ್ಮಿಂದ ನನಗೊಂದು ಕೆಲಸ ಆಗಬೇಕು. ಮಳೆಗಾಲಕ್ಕೆ ಮುಂಚೆ ಸೊಸೈಟಿಗಳಲ್ಲಿ ಕೊಂಬೆ ಕಡಿಸುವ ಗಡಿಬಿಡಿ ಶುರುವಾಗುತ್ತದೆ. ಒಣ ಕೊಂಬೆ ತಲೆಯ ಮೇಲೆ ಬಿದ್ದರೆ ಅಪಾಯ, ನಿಜ. ಆದರೆ ಕಂಚುಗಾರ ಗೂಡು ಕೊರೆಯುವುದು ಅಂಥ ಒಣ ಕೊಂಬೆಯಲ್ಲೇ. ಕಳೆದ ವರ್ಷ ನಮ್ಮಲ್ಲಿ ನುಗ್ಗೆಯ ಕೊಂಬೆಯೊಂದು ಕೆಳಗೆ ಬಿದ್ದಾಗ ಒಳಗೆ ಎರಡು ಮರಿಗಳಿದ್ದವು. ಕಡಿಯುವ ಹುಡುಗನೇ ಮೊದಲು ಕಂಡು ಕೊಡಲಿ ಕೆಳಗಿಟ್ಟ. ತಾಯಿ ತಂದೆ ಸಂಜೆಯವರೆಗೂ ಆ ಜಾಗದಲ್ಲೇ ಸುತ್ತಿದವು.

ಆದ್ದರಿಂದ ಕೊಂಬೆಯ ಅಡಿಭಾಗವನ್ನು ನೋಡಿ. ಗುಂಡಗಿನ ಸಣ್ಣ ತೂತು ಕಂಡರೆ ಸೆಕ್ರೆಟರಿ ಅಂಕಲ್‌ಗೆ ತೋರಿಸಿ, ಆ ಒಂದು ಕೊಂಬೆಗೆ ಕೆಲವು ವಾರ ರಜೆ ಕೇಳಿ. ನಾವು ಹೇಳಿದರೆ 'ಆಂಟಿಗೆ ಬೇರೆ ಕೆಲಸವಿಲ್ಲ' ಅನ್ನುತ್ತಾರೆ. ನಿಮ್ಮ ಮಾತನ್ನು ಕೇಳಿಯಾರು.

ಸಲೀಂ ಅಲಿಯವರು 1896ರಲ್ಲಿ ಇದೇ ಮುಂಬಯಿಯಲ್ಲಿ ಹುಟ್ಟಿದವರು. 1941ರಲ್ಲಿ ಮೊದಲು ಬಂದ ಅವರ 'ದ ಬುಕ್ ಆಫ್ ಇಂಡಿಯನ್ ಬರ್ಡ್ಸ್' ಲೈಬ್ರರಿಯಲ್ಲಿ ಸಿಕ್ಕರೆ ಬಿಡಬೇಡಿ. ಹೆಸರುಗಳಿಗೆ ಮಾತ್ರ ಅಜ್ಜಿಯೇ ಬೇಕು. ರಜೆಯಲ್ಲಿ ಊರಿಗೆ ಹೋದಾಗ ಕೇಳಿ. ಕುಟ್ರು ಹಕ್ಕಿ ಅನ್ನುವವರೂ ಇದ್ದಾರೆ. ನಿಮ್ಮ ಅಜ್ಜಿ ಏನಂದರೆಂದು ನನಗೊಂದು ಸಾಲು ಬರೆದು ಕಳಿಸಿ.