ಕುದಿಸಿದ ನೀರಿನ ಲೆಕ್ಕ

ಸೇವೆಗೆಂದು ಪರದೇಶಕ್ಕೆ ಹೋಗಿ, ಅಲ್ಲಿಯ ಸಂಸಾರಗಳ ನಡುವೆ ಒಂದೆರಡು ವರ್ಷ ಕಳೆದು ಬಂದವರು ಬರೆದ ಪುಸ್ತಕಗಳನ್ನು ಓದುವ ಹವ್ಯಾಸ ನನಗೆ ಬಹುಕಾಲದಿಂದ ಇದೆ. ಬಹುಮಟ್ಟಿಗೆ ಅವು ಒಳ್ಳೆಯ ಪುಸ್ತಕಗಳೆ. ಬರೆದವರು ಪ್ರಾಮಾಣಿಕರು, ತಮ್ಮ ಅಜ್ಞಾನವನ್ನು ಕಂಡು ತಾವೇ ನಗಬಲ್ಲವರು. ಭಾಷೆ ಬಾರದೆ ಪಟ್ಟ ಪಾಡು, ಹೊಟ್ಟೆಯ ಬೇನೆ, ಬಚ್ಚಲಿನ ಸಂಕಟ, ಮನೆಯವರ ಅಕ್ಕರೆ, ಹೊರಡುವ ದಿನದ ಕಣ್ಣೀರು, ಇವೆಲ್ಲ ಅವುಗಳಲ್ಲಿ ಉಂಟು. ಆದರೆ ಅವರನ್ನು ಇರಿಸಿಕೊಂಡಿದ್ದ ಮನೆಯವರು ಬರೆದ ಪುಸ್ತಕವೊಂದನ್ನು ನಾನು ಈವರೆಗೆ ಕಂಡಿಲ್ಲ. ಒಂದು ಮೊಕದ್ದಮೆಗೆ ಇಬ್ಬರು ಸಾಕ್ಷಿಗಳಿದ್ದು ಒಬ್ಬರ ಹೇಳಿಕೆಯಷ್ಟೇ ದಾಖಲಾಗಿದ್ದರೆ ತೀರ್ಪನ್ನು ನಂಬುವುದು ಹೇಗೆ? ಆ ಇನ್ನೊಂದು ಸಾಕ್ಷಿಯ ಪರವಾಗಿ ಇಲ್ಲಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅಂಥ ಮನೆಗಳಲ್ಲಿ ಒಂದು ನಮ್ಮದಾಗಿತ್ತು ಎಂಬುದಷ್ಟೇ ಈ ವಿಷಯದಲ್ಲಿ ನನಗಿರುವ ಅಧಿಕಾರ.

ಅನ್ಯರ ಮನೆಯಲ್ಲಿ ಮಗನಂತೆ ಇದ್ದು ಅವರ ದೇಶವನ್ನು ಅರಿಯಬೇಕೆಂಬ ಯೋಚನೆ ಇಂದಿನದಲ್ಲ. ಅಮೆರಿಕದ ಡೊನಾಲ್ಡ್ ವಾಟ್ ಎಂಬವರು ಇದಕ್ಕಾಗಿಯೇ 1932ರಲ್ಲಿ ‘ಎಕ್ಸ್‌ಪೆರಿಮೆಂಟ್ ಇನ್ ಇಂಟರ್‌ನ್ಯಾಷನಲ್ ಲಿವಿಂಗ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅದರ ಮೂಲಕ ವಿದ್ಯಾರ್ಥಿಯಾಗಿ 1934ರಲ್ಲಿ ಜರ್ಮನಿಗೆ ಹೋಗಿ ಬಂದಿದ್ದ ಸಾರ್ಜೆಂಟ್ ಶ್ರೈವರ್ ಅವರೇ ಮುಂದೆ, 1961ರಲ್ಲಿ ಅಧ್ಯಕ್ಷ ಕೆನೆಡಿಯವರು ಸ್ಥಾಪಿಸಿದ ‘ಪೀಸ್ ಕೋರ್’ನ, ಎಂದರೆ ಶಾಂತಿಪಡೆಯ, ಮೊದಲ ನಿರ್ದೇಶಕರಾದರು. ಆ ಪಡೆಯ ಮೊದಲ ತಂಡ ಅದೇ ವರ್ಷದ ಕೊನೆಗೆ ಪಂಜಾಬಿಗೆ ಬಂತು. 1976ರಲ್ಲಿ ಭಾರತದ ಕಾರ್ಯಕ್ರಮ ನಿಂತುಹೋಗುವ ವೇಳೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಬಂದುಹೋಗಿದ್ದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರರ ತಾಯಿ ಲಿಲಿಯನ್ ಕಾರ್ಟರ್ ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ, 1966ರಲ್ಲಿ, ಮುಂಬಯಿಯ ವಿಕ್ರೋಲಿಗೆ ದಾದಿಯಾಗಿ ಬಂದಿದ್ದರು. ಅಲ್ಲಿಂದ ಅವರು ಮನೆಗೆ ಬರೆದ ಕಾಗದಗಳು 1977ರಲ್ಲಿ ಪುಸ್ತಕವಾಗಿ ಹೊರಬಂದವು. ವಿಕ್ರೋಲಿಯವರು ಅವರನ್ನು ಕುರಿತು ತಮ್ಮ ನೆಂಟರಿಗೆ ಏನು ಬರೆದರೋ ಅದು ಅಚ್ಚಾಗಿರುವುದನ್ನು ನಾನಂತೂ ಕಾಣೆ.

ಬಂದವರೆಲ್ಲ ಸಂಸಾರಗಳಲ್ಲಿಯೇ ಇದ್ದರೆಂದಲ್ಲ. ಅನೇಕರು ಪಟ್ಟಣಗಳಲ್ಲಿ ಇಬ್ಬಿಬ್ಬರಾಗಿ ಬಾಡಿಗೆಯ ಕೊಠಡಿ ಹಿಡಿದು, ಅಡಿಗೆಯವನೊಬ್ಬನನ್ನು ಇಟ್ಟುಕೊಂಡು ಇರುತ್ತಿದ್ದರು. ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಬಾಡಿಗೆಗೆ ಕೊಠಡಿ ಎಂಬ ವಸ್ತುವೇ ಇರಲಿಲ್ಲ. ಆದ್ದರಿಂದ ಕೋಳಿ ಸಾಕಣೆ ಕಲಿಸಲು ಬಂದ ತರುಣನೊಬ್ಬ 1967ರಲ್ಲಿ ನಮ್ಮ ಮನೆಯ ಜಗಲಿಯ ಪಕ್ಕದ ಕೋಣೆಗೆ ಬಂದು ಸೇರಿದ. ನಮ್ಮ ತಂದೆಯವರು ಪಂಚಾಯಿತಿಯ ಸದಸ್ಯರಾಗಿದ್ದರು, ಒಪ್ಪಿಕೊಂಡವರು ಅವರು. ಮನೆಯ ಹೆಂಗಸರನ್ನು ಯಾರೂ ಕೇಳಲಿಲ್ಲ. ನನಗಾಗ ಹತ್ತು ಹನ್ನೊಂದು ವರ್ಷ.

ಆತನ ಪಡೆಯವರು ವಿಧಿಸಿದ್ದ ನಿಯಮಗಳಲ್ಲಿ ಮೊದಲನೆಯದು ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಕುಡಿಯಬೇಕೆಂಬುದು. ನಿಯಮ ಸರಿಯಾದದ್ದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ನೀರು ತಾನಾಗಿ ಕುದಿಯುವುದಿಲ್ಲವಷ್ಟೆ! ಬಾವಿಯಿಂದ ಒಂದು ಕೊಡ ಹೆಚ್ಚಿಗೆ ಸೇದಬೇಕು. ಒಲೆಗೆ ಒಂದು ಹೊರೆ ಹೆಚ್ಚಿಗೆ ಉರುವಲು ಬೇಕು. ಉರಿ ನಂದದಂತೆ ಒಬ್ಬರು ಮುಂದೆ ಕೂತು ಊದಬೇಕು. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಸೊಪ್ಪು ಬಿಡಿಸಿದಮೇಲೆ ಉಳಿಯುವ ಹಿಪ್ಪುನೇರಳೆ ಕಡ್ಡಿಯೇ ನಮಗೆ ಸೌದೆ. ಅದು ವರ್ಷಕ್ಕೆ ಇಷ್ಟೇ ಎಂದು ಅಜ್ಜಿಯ ಲೆಕ್ಕದಲ್ಲಿ ಮೊದಲೇ ತೀರ್ಮಾನವಾಗಿರುತ್ತಿತ್ತು. ಆತ ಬಂದಮೇಲೆ ಆ ಲೆಕ್ಕ ತಪ್ಪಿತು. ಅಜ್ಜಿ ಕೋಳಿ ಕೂಗುವ ಮುನ್ನ ಎದ್ದು ನೀರು ಕುದಿಸುವುದನ್ನೂ, ಅಮ್ಮ ಸಂಜೆ ಹೊಲದಿಂದ ಬರುವಾಗ ತೊಗರಿಕಡ್ಡಿಯ ಹೊರೆ ಹೊತ್ತು ತರುವುದನ್ನೂ ಎರಡು ವರ್ಷ ನೋಡಿದ್ದೇನೆ. ಇಂಥ ತರುಣರು ಮೇಲಿನವರಿಗೆ ಕಳಿಸುತ್ತಿದ್ದ ವರದಿಗಳಲ್ಲಿ ಎಷ್ಟು ಮರಿ ಹಂಚಿದೆವು, ಎಷ್ಟು ಮೊಟ್ಟೆ ಬಂತು ಎಂಬ ಲೆಕ್ಕ ಇದ್ದಿರಬೇಕು. ತೊಗರಿಕಡ್ಡಿಯ ಲೆಕ್ಕ ಇದ್ದೀತೆಂದು ನಾನು ನಂಬಲಾರೆ.

ತಿಂಗಳಿಗೆ ಮೂವತ್ತು ರೂಪಾಯಿ ಬಾಡಿಗೆಯೆಂದು ಆತ ತಪ್ಪದೆ ಕೊಡುತ್ತಿದ್ದ. ಅದು ತಂದೆಯವರ ಕೈಗೆ ಹೋಗುತ್ತಿತ್ತು. ತಂದೆಯವರು ಧಾರಾಳಿಗಳು, ಆ ಹಣವನ್ನು ಮನೆಗೇ ಬಳಸುತ್ತಿದ್ದರು. ಆದರೂ ಯಾವ ಕೈಗಳು ನೀರು ಕುದಿಸುತ್ತಿದ್ದವೋ ಆ ಕೈಗಳು ಆ ನೋಟುಗಳನ್ನು ಮುಟ್ಟಲಿಲ್ಲವೆಂಬುದು ನಿಜ.

ಈಗ ಅತಿಥಿಯ ಕಷ್ಟಕ್ಕೆ ಬರೋಣ, ಅದೂ ಸಾಮಾನ್ಯವಾದುದಲ್ಲ. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕೆಂದು ತಿಳಿಯುವುದಕ್ಕೆ ಆತನಿಗೆ ಒಂದು ವಾರ ಹಿಡಿಯಿತು. ಹುರುಳಿಸಾರು ಒಗ್ಗುವುದಕ್ಕೆ ಒಂದು ತಿಂಗಳು. ಹಿದುಕಿದ ಅವರೆಬೇಳೆಯ ಸಾರನ್ನು ಮಾತ್ರ ಮೊದಲ ದಿನವೇ ಎರಡು ಸಲ ಬಡಿಸಿಕೊಂಡ. ಈ ಸೀಮೆಯ ಅವರೆಕಾಯಿಯ ಮಹಿಮೆಗೆ ದೇಶಭಾಷೆಗಳ ಭೇದವಿಲ್ಲ. ಆದರೆ ಆತನನ್ನು ನಿಜವಾಗಿ ಕಂಗೆಡಿಸಿದ್ದು ಆಹಾರವಲ್ಲ, ನಮ್ಮ ಮರ್ಯಾದೆ. ಉಂಡ ತಟ್ಟೆಯನ್ನು ಎತ್ತಲು ಹೋದರೆ ಅಜ್ಜಿ ಕಿತ್ತುಕೊಳ್ಳುತ್ತಿದ್ದಳು. “ಬಂದೋರ ಕೈಲಿ ತಟ್ಟೆ ತೊಳಸ್ತಾರೇನಪ್ಪ? ಊರೋರು ಏನಂದಾರು?” ಎಂದು ತಂದೆಯವರನ್ನು ಗದರುತ್ತಿದ್ದಳು. ನೀರು ಸೇದಲು ಹೋದರೆ ಹಗ್ಗ ಬಿಡಿಸಿಕೊಳ್ಳುತ್ತಿದ್ದರು. ಎಲ್ಲರೂ ನೆಲದ ಮೇಲೆ ಕೂತರೆ ಆತನೊಬ್ಬನಿಗೆ ಕುರ್ಚಿ. ಊರಿನಲ್ಲೆಲ್ಲ ಆತ ‘ಸ್ವಾಮಿ’. ಕೋಳಿಮರಿಗೆ ಏನು ಹಾಕಬೇಕೆಂದು ಆತ ಹೇಳಿದರೆ ಹೆಂಗಸರು ಸೆರಗಿನ ಮರೆಯಲ್ಲಿ “ಆಗಲಿ ಸ್ವಾಮಿ” ಎಂದು ಹೇಳಿ, ತಮಗೆ ತೋಚಿದ್ದನ್ನೇ ಹಾಕುತ್ತಿದ್ದರು. ಅತಿಥಿಯನ್ನು ದೇವರೆಂದು ಕಾಣುವ ನಮ್ಮ ಪದ್ಧತಿಯನ್ನು ಹೊಗಳುವವರು ಒಂದನ್ನು ಮರೆಯುತ್ತಾರೆ. ದೇವರಿಗೆ ನೈವೇದ್ಯ ಮಾಡುತ್ತೇವೆಯೇ ಹೊರತು ದೇವರ ಮಾತನ್ನು ಯಾರೂ ಕೇಳುವುದಿಲ್ಲ.

ಇದು ಬದಲಾದದ್ದು ಹುಳುವಿನಿಂದ. ರೇಷ್ಮೆ ಸಾಕುವವರ ಮನೆಯ ಸ್ಥಿತಿಯನ್ನು ಅರಿಯದ ವಾಚಕರಿಗೆ ಎರಡು ಮಾತು ಹೇಳಬೇಕು. ಹುಳು ನಾಲ್ಕು ಸಲ ‘ಜ್ವರ’ಕ್ಕೆ ಕೂರುತ್ತದೆ, ಎಂದರೆ ಮೇವು ಬಿಟ್ಟು ಪೊರೆ ಕಳಚುತ್ತದೆ. ನಾಲ್ಕನೆಯ ಜ್ವರ ಎದ್ದಮೇಲಿನ ಏಳೆಂಟು ದಿನಗಳಲ್ಲಿ, ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗಿಂತ ಹೆಚ್ಚನ್ನು ತಿಂದು ಮುಗಿಸುತ್ತದೆ. ಹಗಲಿರುಳೆನ್ನದೆ ಹಾಕುತ್ತಲೇ ಇರಬೇಕು. ರಾತ್ರಿ ಆ ಮೇಯುವ ಸದ್ದು ಹಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಕೇಳುತ್ತದೆ. ಆ ದಿನಗಳಲ್ಲಿ ಮನೆ ಹುಳುವಿನದು. ಮನುಷ್ಯರು ಜಗಲಿಯಲ್ಲಿ ಮಲಗುತ್ತಾರೆ. ಹೊಗೆಸೊಪ್ಪು ಮುಟ್ಟಿದ ಕೈ, ಔಷಧಿಯ ವಾಸನೆ ಒಳಗೆ ಬರಕೂಡದು. ಸೊಳ್ಳೆಗೆಂದು ಆತ ತಂದಿದ್ದ ಔಷಧಿಯ ಪಿಚಕಾರಿಯನ್ನು ಅಜ್ಜಿ ಬಂದ ದಿನವೇ ಹೊರಗಿನ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದ್ದಳು. ಆತ ಎರಡು ವರ್ಷವೂ ಅದನ್ನು ಮುಟ್ಟಲಿಲ್ಲ. ಈ ಒಂದು ಸಂಗತಿಗಾಗಿ ಆತನಿಗೆ ಈಗಲೂ ಕೈಮುಗಿಯುತ್ತೇನೆ.

ಅಂಥ ಒಂದು ಐದನೆಯ ಹಂತದಲ್ಲಿ ಅಮ್ಮ ಜ್ವರದಿಂದ ಮಲಗಿದಳು. ಹುಳುವಿನ ಜ್ವರವಲ್ಲ, ಮನುಷ್ಯರದು. ತಂದೆಯವರು ಊರಲ್ಲಿರಲಿಲ್ಲ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯ ಕಾಲವಾದ್ದರಿಂದ ಕೂಲಿಗೆ ಜನವೂ ಸಿಕ್ಕಲಿಲ್ಲ. ನಡುರಾತ್ರಿ ಅಜ್ಜಿಯೂ ನಾನೂ ಸೊಪ್ಪಿನ ಕುಕ್ಕೆ ಎತ್ತಲಾರದೆ ಒದ್ದಾಡುತ್ತಿದ್ದಾಗ ಆತ ಎದ್ದು ಬಂದು, ಕೈಕಾಲು ತೊಳೆದುಕೊಂಡು, ಕೇಳದೆಯೇ ಕುಕ್ಕೆ ಎತ್ತಿದ. ಅಜ್ಜಿ ಒಂದು ಗಳಿಗೆ ನೋಡಿ, “ಈ ಕಡೆ ತಟ್ಟೆಗೆ ಹಾಕು, ತೆಳ್ಳಗೆ ಹರಡು ಮಗ” ಎಂದಳು. ಐದು ದಿನ, ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವವರೆಗೂ, ಹೀಗೆಯೇ ನಡೆಯಿತು. ಆಮೇಲೆ ಆತ ತಟ್ಟೆ ತೊಳೆದರೆ ಅಜ್ಜಿ ತಡೆಯಲಿಲ್ಲ. ‘ಸ್ವಾಮಿ’ ಹೋಗಿ ‘ಮಗ’ ಉಳಿಯಿತು. ನೆರೆಹೊರೆಯ ಹೆಂಗಸರು, ಸೊಪ್ಪು ಹಾಕಲು ಬರುವ ಹುಡುಗನಿಗೆ ಕೋಳಿಯ ವಿಷಯವೂ ಒಂದಿಷ್ಟು ತಿಳಿದೀತೆಂದು, ತಾವಾಗಿ ಬಂದು ಕೇಳತೊಡಗಿದರು. ಆತ ಹಂಚಿದ ಬಿಳಿಯ ಕೋಳಿಗಳಲ್ಲಿ ಅರ್ಧ ಕೊಕ್ಕರೆ ರೋಗಕ್ಕೆ ಹೋದವು. ಚುಚ್ಚುಮದ್ದು ಹಾಕಿಸಿದವರ ಮನೆಯವು ಉಳಿದವು. ಹಾಕಿಸಿದವರು ಬಹುತೇಕ ಆ ರಾತ್ರಿಗಳ ನಂತರ ಬಂದು ಕೇಳಿದವರೇ.

ಇದಕ್ಕೆ ಎದುರಾದ ಚಿತ್ರವೂ ಇದೆ. 1948ರಲ್ಲಿ ಅಮೆರಿಕದಲ್ಲಿ ಆರಂಭವಾದ ರೈತ ಯುವಕರ ವಿನಿಮಯ ಯೋಜನೆಯಲ್ಲಿ ಭಾರತದ ತರುಣರೂ ಅಲ್ಲಿಯ ಬೇಸಾಯಗಾರರ ಮನೆಗಳಲ್ಲಿ ಇದ್ದು ಬಂದರು. ಅಲ್ಲಿಯ ಮನೆಯೊಡತಿ ಎರಡನೆಯ ದಿನವೋ ಮೂರನೆಯ ದಿನವೋ ಪಾತ್ರೆ ಒರೆಸುವ ಬಟ್ಟೆಯನ್ನು ಅತಿಥಿಯ ಕೈಗೆ ಕೊಟ್ಟುಬಿಡುತ್ತಾಳೆ. ತಾಯಿ ಬಡಿಸಿದ ಲೋಟವನ್ನೂ ಎತ್ತಿಟ್ಟು ಅಭ್ಯಾಸವಿಲ್ಲದ ನಮ್ಮ ಗಂಡುಮಕ್ಕಳಿಗೆ ಆ ಬಟ್ಟೆ ಒಂದು ವಿಶ್ವವಿದ್ಯಾಲಯವಾಗಿದ್ದಿರಬೇಕು. ಊರಿಗೆ ಬಂದಮೇಲೆ ಅವರು ಪದವಿಯನ್ನು ಉಳಿಸಿಕೊಂಡರೋ ಇಲ್ಲವೋ, ಅವರ ಹೆಂಡಿರನ್ನು ಕೇಳಬೇಕು.

ಇಂದಿನ ಕಾಲದ್ದಾಗಿ, ಜರ್ಮನಿಯ ಸರ್ಕಾರ 2008ರಲ್ಲಿ ಆರಂಭಿಸಿದ ‘ವೆಲ್ಟ್‌ವೆರ್ಟ್ಸ್’ ಯೋಜನೆ ಇದೆ. ಮೊದಲು ಅಲ್ಲಿಯವರು ಮಾತ್ರ ಹೊರಗೆ ಹೋಗುತ್ತಿದ್ದರು. 2013ರಿಂದೀಚೆಗೆ ನಮ್ಮಂಥ ದೇಶಗಳವರೂ ಅಲ್ಲಿಗೆ ಹೋಗಲು ದಾರಿಯಾಯಿತು. ನನ್ನ ತಂಗಿಯ ಮೊಮ್ಮಗಳು ಹೀಗೆ ಹೋಗಿ, ಮಕ್ಕಳ ಶಾಲೆಯೊಂದರಲ್ಲಿ ಕೆಲಸ ಮಾಡುತ್ತ, ಒಂದು ಸಂಸಾರದೊಡನೆ ಒಂದು ವರ್ಷ ಇದ್ದಳು. ಹೋದ ದಿನವೇ ಮನೆಯ ಬೀಗದ ಕೈಯನ್ನು ಅವಳಿಗೆ ಕೊಟ್ಟರಂತೆ. ಗೋಡೆಯ ಮೇಲೆ ಮನೆಗೆಲಸದ ಪಟ್ಟಿ. ಅದರಲ್ಲಿ ಅವಳ ಹೆಸರೂ ಸೇರಿತ್ತು. ಕಸವನ್ನು ನಾಲ್ಕು ಬಗೆಯಾಗಿ ವಿಂಗಡಿಸಬೇಕು. ರಾತ್ರಿ ಒಲೆಯನ್ನೇ ಹಚ್ಚದೆ ಬ್ರೆಡ್ಡು, ಗಿಣ್ಣು ಮುಂದಿಟ್ಟುಕೊಂಡು ಊಟ ಮುಗಿಸುತ್ತಾರೆ. ಮೊದಲ ವಾರ ಅವಳು ಹಸಿದುಕೊಂಡೇ ಮಲಗಿದಳು. ಕಾರಣ ಆಹಾರದ ಕೊರತೆಯಲ್ಲ. “ಇನ್ನೂ ಬೇಕೆ?” ಎಂದಾಗ ನಮ್ಮ ಪದ್ಧತಿಯಂತೆ “ಬೇಡ” ಎಂದಳು, ಅವರ ಪದ್ಧತಿಯಂತೆ ಅವರು ಅದನ್ನು ನಂಬಿದರು! ಬೇಡವೆಂದವರಿಗೆ ಮೂರು ಸಲ ಬಡಿಸುವ ನಾಡಿನಿಂದ, ಆಡಿದ ಮಾತಿಗೆ ಬೆಲೆ ಕೊಡುವ ನಾಡಿಗೆ ಹೋದವರ ಪಾಡು ಇದು. ಎರಡರಲ್ಲಿ ಯಾವುದು ಹೆಚ್ಚು ಮರ್ಯಾದೆ ಎಂದು ನಾನು ಹೇಳಲಾರೆ. ಆದರೆ ಬೀಗದ ಕೈ ಕೊಟ್ಟು, ಪಟ್ಟಿಯಲ್ಲಿ ಹೆಸರು ಸೇರಿಸಿದ್ದು ಸರಿಯೆಂದು ನನಗೆ ತೋರುತ್ತದೆ. ನಮ್ಮಲ್ಲಿ ಹುಳುವಿಗಾಗಿ ಕಾಯಬೇಕಾಯಿತು. ಅಲ್ಲಿ ಗೋಡೆಯ ಮೇಲಿನ ಕಾಗದವೇ ಆ ಕೆಲಸ ಮಾಡಿತು.

ಇಷ್ಟನ್ನು ಬರೆಯಲು ಕಾರಣ ಹಳೆಯ ನೆನಪಲ್ಲ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಾದ ನಮ್ಮ ಸೀಮೆ, 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದಮೇಲೆ, ಲೋಕಕ್ಕೆ ತೀರ ಹತ್ತಿರವಾಗಿದೆ. ತರುಣರು ಈಗ ತಾವೇ ಹಣ ಕಟ್ಟಿ, ಮಧ್ಯವರ್ತಿ ಸಂಸ್ಥೆಗಳ ಮೂಲಕ ಕೆಲವು ವಾರಗಳ ಸೇವೆಗೆ ಪರದೇಶಗಳಿಗೆ ಹೋಗುವ ವ್ಯಾಪಾರ ಜಗತ್ತಿನಾದ್ಯಂತ ಬೆಳೆದಿದೆ. ಕಾಂಬೋಡಿಯಾ, ನೇಪಾಳಗಳಲ್ಲಿ ಇಂಥವರನ್ನು ಆಕರ್ಷಿಸುವುದಕ್ಕಾಗಿಯೇ, ತಂದೆತಾಯಿ ಇರುವ ಮಕ್ಕಳನ್ನು ಅನಾಥಾಲಯಗಳಿಗೆ ತುಂಬಿದ ಸಂಗತಿಗಳು ಹೊರಬಂದಿವೆ. ನಮ್ಮಲ್ಲಿ ಅಂಥ ಘೋರ ನಡೆಯದಿರಲಿ. ಆದರೆ ತರುಣರು ಕಟ್ಟುವ ಹಣದಲ್ಲಿ ಒಲೆಯ ಮುಂದೆ ಕೂರುವವಳ ಪಾಲು ಎಷ್ಟು ಎಂಬ ಪ್ರಶ್ನೆ ಇಲ್ಲಿಯೂ ಉಂಟು.

ಆತಿಥ್ಯಕ್ಕೆ ಹಣ ತೆಗೆದುಕೊಳ್ಳುವುದು ನಮ್ಮ ಸಂಸ್ಕೃತಿಗೆ ಕುಂದು ಎಂದು ಹೇಳುವ ಹಿರಿಯರು ಇದ್ದಾರೆ. ಅವರಲ್ಲಿ ಹೆಚ್ಚಿನವರು ಸೌದೆ ಹೊತ್ತವರಲ್ಲ. ಶಾಂತಿಪಡೆ ಈಗ ಅನ್ಯದೇಶಗಳಲ್ಲಿ ತನ್ನವರನ್ನು ಮೊದಲ ಕೆಲವು ತಿಂಗಳ ತರಬೇತಿಗೆ ಸಂಸಾರಗಳಲ್ಲಿಯೇ ಇರಿಸಿ, ಆ ಮನೆಗಳಿಗೆ ಊಟ ವಸತಿಯ ಖರ್ಚನ್ನು ಕೊಡುತ್ತದೆ. ಅದರಿಂದ ಅಲ್ಲಿಯ ತಾಯಂದಿರ ಅಕ್ಕರೆ ಕಡಿಮೆಯಾಯಿತೆಂದು ಯಾರೂ ಹೇಳಿಲ್ಲ. ಹಣ ಕೊಡಲಿ, ಮನೆಯೊಡತಿಯ ಹೆಸರಿಗೆ ಕೊಡಲಿ. ವರ್ಷದ ಕೊನೆಗೆ ಬಂದವನು ವರದಿ ಬರೆಯುವಂತೆ ಅವಳ ಮಾತನ್ನೂ, ಅವಳು ಹೇಳಿದ ಹಾಗೆಯೇ, ಬರೆದುಕೊಳ್ಳಲಿ. ಈ ಎರಡೂ ಇಲ್ಲದಿದ್ದರೆ ಅದನ್ನು ಸೇವೆಯೆಂದು ಕರೆಯದೆ ಪ್ರವಾಸವೆಂದು ಕರೆದು, ಹೋಟಲಿನಲ್ಲಿ ಇಳಿಯಲಿ. ನೆಲಮಂಗಲದಿಂದ ಹೊಸಕೋಟೆಯವರೆಗೆ ಅವುಗಳಿಗೇನೂ ಬರವಿಲ್ಲ.

ಹೋದ ತಿಂಗಳು ನಮ್ಮ ನೆರೆಯ ಊರಿನ ಒಂದು ಮನೆಯವರು ಅಂಥ ಸಂಸ್ಥೆಯೊಂದರ ಅರ್ಜಿಯನ್ನು ನನ್ನ ಬಳಿಗೆ ತಂದರು, ತುಂಬಿಕೊಡಿ ಎಂದು. ನಾಲ್ಕು ಪುಟದ ಅರ್ಜಿ. ಪಾಶ್ಚಾತ್ಯ ಶೌಚಾಲಯ ಉಂಟೆ, ಇಂಟರ್‌ನೆಟ್ಟು ಉಂಟೆ, ಪ್ರತ್ಯೇಕ ಕೋಣೆ ಉಂಟೆ, ನಾಯಿ ಉಂಟೆ, ಎಲ್ಲ ಕೇಳಿದ್ದರು. ಅಡಿಗೆ ಯಾರು ಮಾಡುತ್ತಾರೆ ಎಂದು ಕೇಳಿರಲಿಲ್ಲ. ಕೊನೆಯಲ್ಲಿ ಯಜಮಾನನ ಸಹಿಗೆ ಒಂದೇ ಒಂದು ಗೆರೆ. ನಾನು ಓದಿ ಹೇಳುವುದನ್ನೆಲ್ಲ ಆ ಮನೆಯ ಹೆಣ್ಣುಮಗಳು ಬಾಗಿಲಿಗೆ ಒರಗಿ ನಿಂತು ಕೇಳಿ, “ಬರೋ ಹುಡುಗಿ ಮುಸುರೆ ತೊಳೀತಾಳಾ, ಅದನ್ನ ಕೇಳಿ ಮೇಷ್ಟ್ರೆ” ಎಂದಳು. ಆ ಪ್ರಶ್ನೆಯನ್ನು ಸಹಿಯ ಕೆಳಗೆ ಬರೆದು, ಅವಳ ಹೆಸರನ್ನೂ ಹಾಕಿ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.