ರಾಕ್ಷಸನಿಗೂ ರಾಕೆಟ್ಟಿಗೂ ಅಪ್ಪಣೆ ಚೀಟಿ

ನವೆಂಬರ್ ಬಂತೆಂದರೆ ಎರಡು ಭಾಷಣ ತಪ್ಪಿದ್ದಲ್ಲ. 1ನೇ ತಾರೀಖು ಕನ್ನಡ ಉಳಿಯಬೇಕು ಎನ್ನುವ ಭಾಷಣ, 14ರಂದು ಮಕ್ಕಳು ಓದುತ್ತಿಲ್ಲ ಎನ್ನುವ ಭಾಷಣ. ಎರಡರಲ್ಲೂ ಕಟಕಟೆಯಲ್ಲಿ ನಿಲ್ಲುವ ಆರೋಪಿ ಮೊಬೈಲ್. ಅದಕ್ಕೆ ಶಿಕ್ಷೆ ವಿಧಿಸಿ, ಶಾಲು ಹೊದೆಸಿಕೊಂಡು, ಉಪ್ಪಿಟ್ಟು ಕೇಸರಿಬಾತು ತಿಂದು ಎಲ್ಲರೂ ಮನೆಗೆ ಹೋಗುತ್ತಾರೆ.

ಈ ವಿಚಾರಣೆಯಲ್ಲಿ ಒಬ್ಬ ಸಾಕ್ಷಿಯನ್ನು ಮಾತ್ರ ಯಾರೂ ಕರೆಸುವುದಿಲ್ಲ. ಬೆಂಗಳೂರಿನ ಯಾವುದಾದರೂ ದೊಡ್ಡ ಪುಸ್ತಕದಂಗಡಿಗೆ ಭಾನುವಾರ ಹೋದರೆ ಅವಳು ಸಿಗುತ್ತಾಳೆ. ವಯಸ್ಸು 11. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ರಿಕ್ ರಿಯೋರ್ಡನ್‌ನ ‘ಪರ್ಸಿ ಜಾಕ್ಸನ್’ ಸರಣಿಯ ದಪ್ಪ ಪುಸ್ತಕವೊಂದರಲ್ಲಿ ಮುಳುಗಿರುತ್ತಾಳೆ. ಅಪ್ಪ ಮೂರು ಸಲ ಕರೆದರೂ “ಇದೊಂದು ಚಾಪ್ಟರ್ ಪಪ್ಪಾ” ಎನ್ನುತ್ತಾಳೆ. ಮನೆಯಲ್ಲಿ ಅವಳ ಕೈಗೂ ಮೊಬೈಲ್ ಸಿಗುತ್ತದೆ; ಆದರೂ ಓದುತ್ತಾಳೆ. ಈಗ ಅವಳನ್ನು ಅದೇ ಅಂಗಡಿಯ ಕನ್ನಡ ವಿಭಾಗಕ್ಕೆ ಕರೆದೊಯ್ದು, ಅಷ್ಟೇ ದಪ್ಪದ, ಅಷ್ಟೇ ಉಸಿರು ಬಿಗಿಹಿಡಿಸುವ, ಅವಳ ವಯಸ್ಸಿನವರಿಗೆಂದೇ ಬರೆದ ಕನ್ನಡ ಕಾದಂಬರಿಯೊಂದನ್ನು ಹುಡುಕಿ ಕೊಡಿ ನೋಡೋಣ. ಮಾಂತ್ರಿಕರದ್ದಾದರೂ ಸರಿ, ಮಂಗಳ ಗ್ರಹದ್ದಾದರೂ ಸರಿ.

ಸಿಗುವುದು ಬಹಳ ಕಷ್ಟ. ಸಣ್ಣ ಮಕ್ಕಳ ಮಟ್ಟಿಗೆ ನಮ್ಮ ಸ್ಥಿತಿ ಈಗ ಕೆಟ್ಟದಾಗಿಲ್ಲ. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್ ಚಂದದ ಚಿತ್ರಪುಸ್ತಕಗಳನ್ನು ಕನ್ನಡದಲ್ಲೂ ಕೊಟ್ಟಿತು. 2015ರಿಂದ ಅವರ ಸ್ಟೋರಿವೀವರ್‌ನಲ್ಲಿ ಅಂಥವು ಪುಕ್ಕಟೆಯಾಗಿ ಸಿಗುತ್ತಿವೆ. ಇನ್ನು 15 ದಾಟಿದವರಿಗೆ ತೇಜಸ್ವಿ ಇದ್ದಾರೆ, ಭೈರಪ್ಪ ಇದ್ದಾರೆ, ಇಡೀ ಕನ್ನಡ ಸಾಹಿತ್ಯವೇ ಇದೆ. ನಡುವಿನ 9ರಿಂದ 13ರ ಮೆಟ್ಟಿಲು ಮಾತ್ರ ಮುರಿದುಬಿದ್ದಿದೆ. ಆ ವಯಸ್ಸಿಗೆ ನಾವು ಇಟ್ಟಿರುವುದು ಮಹಾಪುರುಷರ ಜೀವನ ಚರಿತ್ರೆ, ತೆನಾಲಿ ರಾಮನ ಇನ್ನೊಂದು ಆವೃತ್ತಿ, ಪಂಚತಂತ್ರದ ಮತ್ತೊಂದು ಸಂಕ್ಷೇಪ ಮತ್ತು ನೀತಿ ಕಥೆಗಳು. ಓದಿನ ಚಟ ಹತ್ತುವುದೋ ಬಿಟ್ಟುಹೋಗುವುದೋ ಎಂದು ತೀರ್ಮಾನವಾಗುವ ವಯಸ್ಸು ಅದೇ. ಆ ಹೊತ್ತಿಗೆ ಸರಿಯಾಗಿ ನಮ್ಮ ಮಕ್ಕಳು ಇಂಗ್ಲಿಷಿಗೆ ವಲಸೆ ಹೋಗುತ್ತಾರೆ, ಇಂಗ್ಲಿಷ್ ಎಟುಕದ ಹಳ್ಳಿಯ ಮಕ್ಕಳು ಓದನ್ನೇ ಬಿಡುತ್ತಾರೆ.

ಹೀಗಾಗಲು ಕನ್ನಡದ ಮಣ್ಣಲ್ಲಿ ಅದ್ಭುತಕ್ಕೆ ಬೇರಿಲ್ಲವೆಂದು ಯಾರಾದರೂ ಕಾರಣ ಹೇಳಿದರೆ ನಗು ಬರುತ್ತದೆ. ಅಡಗೂಲಜ್ಜಿ ಕಥೆಗಳ ನಾಡು ಇದು. ನಮ್ಮ ಜನಪದದಲ್ಲಿ ಹುಡುಗಿ ಹೂವಿನ ಮರವಾಗುತ್ತಾಳೆ, ಎ.ಕೆ. ರಾಮಾನುಜನ್ ಆ ಕಥೆಯನ್ನು ಇಂಗ್ಲಿಷಿಗೆ ಒಯ್ದರು. ಕುವೆಂಪು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಬ್ರೌನಿಂಗ್‌ನಿಂದ ಪಡೆದರೂ ಓದುವಾಗ ಅದು ಮಲೆನಾಡಿನದೇ ಅನಿಸುತ್ತದೆ. ‘ಚಂದಮಾಮ’ 1949ರಿಂದ ಕನ್ನಡದಲ್ಲಿ ಬಂತು. ದಾಸರಿ ಸುಬ್ರಹ್ಮಣ್ಯಂ ಬರೆದ ಧಾರಾವಾಹಿಗಳಲ್ಲಿ ರಾಕ್ಷಸರು, ಮಾಂತ್ರಿಕರು, ಶಾಪಗ್ರಸ್ತ ರಾಜಕುಮಾರರು ತಿಂಗಳು ತಿಂಗಳೂ ಕಥೆಯನ್ನು ತುದಿಗಾಲಲ್ಲಿ ನಿಲ್ಲಿಸಿ ಹೋಗುತ್ತಿದ್ದರು. ಕರಾವಳಿಯ ಮಕ್ಕಳಿಗೆ ‘ಬಾಲಮಂಗಳ’ದ ಡಿಂಗ ಇದ್ದ. ಆ ಪತ್ರಿಕೆಗಳು ನಿಂತವು. ಅವು ಖಾಲಿ ಮಾಡಿದ ಜಾಗಕ್ಕೆ ಪುಸ್ತಕ ಬರಬೇಕಿತ್ತು; ಉಪದೇಶ ಬಂತು.

ಆ ಜಾಗಕ್ಕೆ ಇಬ್ಬರು ಕಾವಲುಗಾರರಿದ್ದಾರೆ. ಬೇರೆ ಎಲ್ಲ ವಿಷಯದಲ್ಲೂ ಒಬ್ಬರ ಮುಖ ಒಬ್ಬರು ನೋಡದ ಇವರು ಮಕ್ಕಳ ಪುಸ್ತಕದ ಬಾಗಿಲಲ್ಲಿ ಮಾತ್ರ ಅಕ್ಕಪಕ್ಕ ನಿಂತಿರುತ್ತಾರೆ.

ಮೊದಲನೆಯವರು ವಿಚಾರವಾದಿಗಳು. ಇವರ ಬಗ್ಗೆ ನನಗೆ ಗೌರವವಿದೆ. 1976ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದು, 2017ರಲ್ಲಿ ರಾಜ್ಯ ವಾಮಾಚಾರದ ವಿರುದ್ಧ ಕಾಯ್ದೆ ತಂದದ್ದು ಸಣ್ಣ ಮಾತಲ್ಲ. ಆದರೆ ಬೂದಿ ಉದುರಿಸುವ ಬಾಬಾನಿಗೆ ಕೇಳಬೇಕಾದ ಪ್ರಶ್ನೆಯನ್ನು ಮಕ್ಕಳ ಕಥೆಯ ಮಾಂತ್ರಿಕನಿಗೆ ಕೇಳುವುದು ಎಂಥ ವಿಚಾರವಾದ? ಮಕ್ಕಳ ಸಾಹಿತ್ಯದ ಗೋಷ್ಠಿಗಳಲ್ಲಿ “ರಾಕ್ಷಸ, ಮಾಟ, ಮಾಯೆ ಇವೆಲ್ಲ ಮಕ್ಕಳಲ್ಲಿ ಮೂಢನಂಬಿಕೆ ಬಿತ್ತುತ್ತವೆ” ಎಂಬ ಮಾತು ಈಗಲೂ ಕೇಳಿಬರುತ್ತದೆ, ಸಭೆ ಈಗಲೂ ಚಪ್ಪಾಳೆ ತಟ್ಟುತ್ತದೆ. ಬೇತಾಳನ ಕಥೆ ಓದಿ ನಾಲ್ಕು ತಲೆಮಾರು ಬೆಳೆಯಿತು. ಅವರಲ್ಲಿ ಎಷ್ಟು ಜನ ಹೆಣ ಹೊರಲು ಸ್ಮಶಾನಕ್ಕೆ ಹೋದರು? ಕಥೆ ಎಂದು ಗೊತ್ತಿದ್ದೂ ಅದರೊಳಗೆ ಹೋಗಿಬರಬಲ್ಲ ಮಗುವಿಗೆ, ಕಥೆಯನ್ನೇ ನಿಜವೆಂದು ಮಾರುವ ದೊಡ್ಡವರನ್ನು ಕಂಡರೆ ಬೇಗ ಅನುಮಾನ ಬರುತ್ತದೆ ಎಂಬುದು ನನ್ನ ವಾದ.

ಈ ಬಣವೇ ಒಪ್ಪುವ ವೈಜ್ಞಾನಿಕ ಕಾದಂಬರಿಯ ಗತಿಯಾದರೂ ಏನು? ನಮ್ಮಲ್ಲಿ ಅದರ ಒಂದು ನಮೂನೆ ಬಹುತೇಕ ನಿಗದಿಯಾಗಿದೆ. ಬೇಸಿಗೆ ರಜೆ. ಅಜ್ಜನ ಊರು. ದೊಡ್ಡ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲಸ ಮಾಡುವ ಮಾವ ಬರುತ್ತಾನೆ. ಮಕ್ಕಳು ಜಗಲಿಯಲ್ಲಿ ಸುತ್ತ ಕೂರುತ್ತಾರೆ. “ಮಾವಾ, ಕಪ್ಪುಕುಳಿ ಎಂದರೇನು?” ಮಾವ ಮೂರು ಪುಟ ಉತ್ತರಿಸುತ್ತಾನೆ. “ಓಹೋ, ಈಗ ಅರ್ಥವಾಯಿತು ಮಾವಾ, ನಾವೂ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುತ್ತೇವೆ.” ಯಾವ ಊರಿನ ಯಾವ ಮಗು ಹೀಗೆ ಮಾತಾಡುತ್ತದೆ? ಇದು ಪಠ್ಯಪುಸ್ತಕಕ್ಕೆ ಚಡ್ಡಿ ತೊಡಿಸಿ ಆಟಕ್ಕೆ ಕಳಿಸಿದ ಹಾಗಾಯಿತು. ರಾಜಶೇಖರ ಭೂಸನೂರಮಠರಂಥವರು ವೈಜ್ಞಾನಿಕ ಕಥೆಗೆ ಕನ್ನಡದಲ್ಲಿ ದಾರಿ ಮಾಡಿದ್ದರು. ಆ ದಾರಿಯನ್ನು ಮಕ್ಕಳ ಕಡೆಗೆ ತಿರುಗಿಸುವಾಗ ಸಾಹಸ ಬಿಟ್ಟು ಪಾಠ ಮಾತ್ರ ಉಳಿಸಿಕೊಂಡೆವು.

ಎರಡನೆಯ ಕಾವಲುಗಾರರು ಸಂಸ್ಕೃತಿ ರಕ್ಷಕರು. ಇವರಿಗೆ ರಾಕ್ಷಸರು ಇರಬಹುದು, ಆದರೆ ಪುರಾಣದಲ್ಲಿ ಇದ್ದಂತೆಯೇ ಇರಬೇಕು. ಅರ್ಜುನ ಅತ್ತಿತ್ತ ಅಲುಗಬಾರದು, ಭೀಮ ತಮಾಷೆ ಮಾಡಬಾರದು. ಈ ಭಯ ನಮ್ಮದು ಮಾತ್ರವೇನಲ್ಲ. ಅಮೆರಿಕದ ಗ್ರಂಥಾಲಯ ಸಂಘದ ದಾಖಲೆಯಲ್ಲಿ 2000ದಿಂದ 2009ರವರೆಗಿನ ದಶಕದಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದದ್ದು ಹ್ಯಾರಿ ಪಾಟರ್ ಸರಣಿ. ಅಲ್ಲಿ ಆಕ್ಷೇಪದ ಅರ್ಜಿ ಬಂದರೂ ಪುಸ್ತಕ ಬರುವುದು ನಿಲ್ಲಲಿಲ್ಲ. ಇಲ್ಲಿ ಅರ್ಜಿ ಬರುವ ಮೊದಲೇ ಲೇಖಕ ಪೆನ್ನು ಮುಚ್ಚುತ್ತಾನೆ. 2013ರಲ್ಲಿ ಗಣಪತಿಯ ಕುರಿತ ‘ಢುಂಢಿ’ ಕಾದಂಬರಿಗಾಗಿ ಯೋಗೇಶ್ ಮಾಸ್ಟರ್ ಬಂಧನವಾದದ್ದನ್ನು ಕಂಡ ಮೇಲೆ, ಗಣಪತಿಯ ಇಲಿಯನ್ನು ಸಾಹಸಕ್ಕೆ ಕಳಿಸಲು ಯಾವ ಮಕ್ಕಳ ಲೇಖಕನಿಗೆ ಕೈ ಬರುತ್ತದೆ?

ಅತ್ತ ಏನಾಯಿತು ಗೊತ್ತೇ? 2018ರಲ್ಲಿ ಅಮೆರಿಕದ ರೋಶನಿ ಚೋಕ್ಷಿ ‘ಅರು ಷಾ ಆ್ಯಂಡ್ ದಿ ಎಂಡ್ ಆಫ್ ಟೈಮ್’ ಬರೆದರು. ಪಾಂಡವರು ಈ ಕಾಲದ ಹುಡುಗಿಯರಾಗಿ ಮರುಹುಟ್ಟು ಪಡೆದಿದ್ದಾರೆ. 12 ವರ್ಷದ ಅರು ಅಟ್ಲಾಂಟದ ವಸ್ತುಸಂಗ್ರಹಾಲಯದಲ್ಲಿ ಸಹಪಾಠಿಗಳ ಮುಂದೆ ಜಂಬ ಕೊಚ್ಚಿಕೊಳ್ಳಲು ಹೋಗಿ ಮುಟ್ಟಬಾರದ ದೀಪ ಹಚ್ಚಿಬಿಡುತ್ತಾಳೆ, ಮಲಗಿದ್ದ ಕೇಡು ಎದ್ದು ಕೂರುತ್ತದೆ. ಮಾತಾಡುವ ಪಾರಿವಾಳವೊಂದು ಮಾರ್ಗದರ್ಶಿ. ಅದು ಸರಣಿಯಾಯಿತು; ಬೆಂಗಳೂರಿನ ಮಕ್ಕಳೂ ಕೊಂಡು ಓದಿದರು. ಪಂಪ, ಕುಮಾರವ್ಯಾಸರು ಮಹಾಭಾರತವನ್ನು ತಮ್ಮ ಕಾಲಕ್ಕೆ ತಕ್ಕಂತೆ ತಿರುಗಿಸಿ ಹೇಳಿದ ಭಾಷೆ ನಮ್ಮದು, ಯಕ್ಷಗಾನದಲ್ಲಿ ಪ್ರತಿ ರಾತ್ರಿ ಅರ್ಜುನನ ಬಾಯಲ್ಲಿ ಹೊಸ ಮಾತು ಹಾಕುವ ಭಾಷೆ ನಮ್ಮದು. ಹಿತ್ತಲ ಗಿಡ ನಮಗೆ ಮದ್ದಾಗಲಿಲ್ಲ, ಅಟ್ಲಾಂಟದಲ್ಲಿ ಆಯಿತು.

ಮಕ್ಕಳ ಕಾದಂಬರಿಗಳೇ ಬರುತ್ತಿಲ್ಲವೆಂದು ನಾನು ಹೇಳುತ್ತಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ 2021, 2022, 2023ರಲ್ಲಿ ಸಾಲಾಗಿ ಕನ್ನಡದ ಮೂರು ಕಾದಂಬರಿಗಳಿಗೆ ಸಂದಿತು: ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ಪದ್ಯ ಮತ್ತು ನೀತಿ ಕಥೆಗಳಾಚೆಗೆ ಹೊರಳುವ ಸೂಚನೆ ಇದು, ಸಂತೋಷ. ಈ ಲೇಖಕರ ಹಿಂದೆ ಇನ್ನೂ ಹತ್ತು ಜನ ಬರಬೇಕು, ಅವರಲ್ಲಿ ನಾಲ್ವರಾದರೂ ನೆಲ ಬಿಟ್ಟು ಹಾರಬೇಕು.

ಹಾರುವ ಮಾತು ಬಂದಾಗ ‘ಕರ್ವಾಲೊ’ ನೆನಪಾಗದೆ ಇರದು. 1980ರಲ್ಲಿ ಬಂದ ಅದನ್ನು ತೇಜಸ್ವಿ ಮಕ್ಕಳಿಗೆಂದು ಬರೆಯಲಿಲ್ಲ. ಆದರೆ ಹೈಸ್ಕೂಲು ಮೆಟ್ಟಿಲು ಹತ್ತುವ ಮೊದಲೇ ಎಷ್ಟೋ ಮಕ್ಕಳು ಅದನ್ನು ಕದ್ದೊಯ್ದು ಓದಿದ್ದಾರೆ. ಏಕೆ ಎಂದು ಸ್ವಲ್ಪ ಹತ್ತಿರ ಹೋಗಿ ನೋಡಿ. ಜೇನು ಹಿಡಿಯುವ ಮಂದಣ್ಣ, ಬಿರಿಯಾನಿ ಕರಿಯಪ್ಪ, ಕ್ಯಾಮೆರಾದ ಪ್ರಭಾಕರ, ಕಿವಿ ಎಂಬ ನಾಯಿ ಮತ್ತು ಒಬ್ಬ ವಿಜ್ಞಾನಿ. ಗುರಿ ಒಂದು ಹಾರುವ ಓತಿ. ಕರ್ವಾಲೊ ದೊಡ್ಡ ವಿಜ್ಞಾನಿ. ಆದರೂ ಅವರಿಗೆ ಕಾಡಿನಲ್ಲಿ ಮಂದಣ್ಣ ಬೇಕು. ಮೈಲಿಗಟ್ಟಲೆ ಕಾಡು ಅಲೆದು, ಕೊನೆಗೆ ಕಂಡ ಓತಿ ಪ್ರಪಾತದಾಚೆಗೆ ತೇಲಿಹೋಗುತ್ತದೆ. ಕೈಗೆ ಬಹುಮಾನ ಸಿಗುವುದಿಲ್ಲ, ನೀತಿಯೂ ಸಿಗುವುದಿಲ್ಲ. ಜೀವವಿಕಾಸದ ಬಗ್ಗೆ ಮಾತಿದೆ, ಆದರೆ ಅದು ಬರುವುದು ಹುಡುಕಾಟದ ಬೆನ್ನು ಹತ್ತಿ. ಮಕ್ಕಳಿಗೆ ಹೇಗೆ ಬರೆಯಬೇಕೆಂಬ ಕಮ್ಮಟಗಳಲ್ಲಿ ಇದೊಂದನ್ನು ಬಿಡಿಸಿ ತೋರಿಸಿದರೆ ಸಾಕು, ಉಪನ್ಯಾಸ ಬೇಕಿಲ್ಲ.

ಬಂಗಾಳದವರು ಇದನ್ನು ಮಕ್ಕಳ ಪತ್ರಿಕೆಯಲ್ಲೇ ಮಾಡಿದರು. 1961ರಲ್ಲಿ ಸತ್ಯಜಿತ್ ರಾಯ್ ತಮ್ಮ ತಾತ ಆರಂಭಿಸಿದ್ದ ‘ಸಂದೇಶ್’ ಪತ್ರಿಕೆಯನ್ನು ಮತ್ತೆ ಎಬ್ಬಿಸಿ, ಅದಕ್ಕಾಗಿಯೇ ಪ್ರೊಫೆಸರ್ ಶೊಂಕುವನ್ನು ಹುಟ್ಟಿಸಿದರು. ಮೊದಲ ಕಥೆಯಲ್ಲೇ ಶೊಂಕು ತನ್ನ ಬೆಕ್ಕು ನ್ಯೂಟನ್, ಸೇವಕ ಪ್ರಹ್ಲಾದ ಮತ್ತು ರೋಬೋಟ್ ವಿಧುಶೇಖರನನ್ನು ಕಟ್ಟಿಕೊಂಡು ಮಂಗಳಕ್ಕೆ ಹೊರಡುತ್ತಾನೆ. ಅವನ ದಿನಚರಿ ಸಿಗುವುದು ಸುಂದರಬನದಲ್ಲಿ ಉಲ್ಕೆ ಬಿದ್ದ ಗುಂಡಿಯಲ್ಲಿ, ಕೊನೆಗೆ ಅದನ್ನು ಇರುವೆಗಳು ತಿಂದು ಮುಗಿಸುತ್ತವೆ! ಭೌತಶಾಸ್ತ್ರದ ಮೇಷ್ಟ್ರು ಕೆಂಪು ಶಾಯಿ ಹಿಡಿದರೆ ಒಂದು ಪುಟವೂ ಪಾಸಾಗುವುದಿಲ್ಲ. ಸಿನಿಮಾದಲ್ಲಿ ಅಷ್ಟು ಹೆಸರು ಮಾಡಿದ ಮನುಷ್ಯ ಮಕ್ಕಳಿಗಾಗಿ ಸುಳ್ಳು ಸುಳ್ಳೇ ಔಷಧಿ, ಬಂದೂಕು ಕಂಡುಹಿಡಿಯುತ್ತ ಕೂರಲು ನಾಚಿಕೆಪಡಲಿಲ್ಲ. ಕನ್ನಡದಲ್ಲಿ ಹೆಸರಾದ ಕಾದಂಬರಿಕಾರರು ಮಕ್ಕಳಿಗೆ ಬರೆಯುವುದು ವಿರಳ, ಬರೆದರೂ ಅದು ಎಡಗೈಯ ಕೆಲಸ.

ಇನ್ನು ದುಡ್ಡಿನ ಮಾತು. “ಮಾರ್ಕೆಟ್ ಇಲ್ಲ ಸಾರ್” ಎನ್ನುವ ಪ್ರಕಾಶಕರ ದೂರಿನಲ್ಲಿ ಸತ್ಯವಿದೆ. ಇಂಗ್ಲಿಷ್ ಪುಸ್ತಕಕ್ಕೆ 499 ರೂಪಾಯಿ ತುಟಿಪಿಟಕ್ಕೆನ್ನದೆ ಕೊಡುವ ತಂದೆತಾಯಿ 150ರ ಕನ್ನಡ ಪುಸ್ತಕಕ್ಕೆ ಡಿಸ್ಕೌಂಟ್ ಕೇಳುತ್ತಾರೆ. ಹಾಗಾಗಿ ಪ್ರಕಾಶಕರು ನಂಬಿರುವುದು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು. ಅದು ಬರುವುದು ತಡ, ಹಣ ಬರುವುದು ಇನ್ನೂ ತಡ. ಆದರೆ ನಮ್ಮ ಮಕ್ಕಳ ಪುಸ್ತಕವೊಂದನ್ನು ತೆರೆದು ನೋಡಿ: ಪ್ರಕಾಶಕರ ಮಾತು, ಹಿರಿಯ ಸಾಹಿತಿಯ ಮುನ್ನುಡಿ, ಲೇಖಕರ ಅರಿಕೆ, ಕೃತಜ್ಞತೆ, ಬೆನ್ನುಡಿ. ಕಥೆ ಶುರುವಾಗುವ ಹೊತ್ತಿಗೆ ಎಂಟು ಹತ್ತು ಪುಟ ಕಳೆದಿರುತ್ತದೆ, ಅಷ್ಟೂ ದೊಡ್ಡವರಿಗೆ ಬರೆದ ಪತ್ರ. ಕೊಳ್ಳುವವರು, ಆಯ್ಕೆ ಮಾಡುವವರು, ಬಹುಮಾನ ಕೊಡುವವರು ಎಲ್ಲರೂ 50 ದಾಟಿದವರಾದಾಗ ಪುಸ್ತಕ ಇನ್ನಾರನ್ನು ಮೆಚ್ಚಿಸಬೇಕು?

2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟದ್ದು ಇತ್ತೀಚಿನ ಒಳ್ಳೆಯ ಸರ್ಕಾರಿ ಕೆಲಸಗಳಲ್ಲೊಂದು. ರಾಜ್ಯದಲ್ಲಿ ಅಂಥ ಗ್ರಂಥಾಲಯಗಳು 5000ಕ್ಕೂ ಹೆಚ್ಚು. ಒಂದೊಂದು ಗ್ರಂಥಾಲಯ ಒಂದೇ ಒಂದು ಪ್ರತಿ ಕೊಂಡರೂ ಕನ್ನಡದ ಯಾವ ಮಕ್ಕಳ ಕಾದಂಬರಿಯೂ ಸುಲಭಕ್ಕೆ ಕಾಣದ ಮುದ್ರಣ ಸಂಖ್ಯೆ ಅದು. ಮಾರ್ಕೆಟ್ ಇಲ್ಲ ಎನ್ನುವವರು ಈ ಲೆಕ್ಕ ನೋಡಲಿ.

ಆದ್ದರಿಂದ ಗ್ರಂಥಾಲಯ ಇಲಾಖೆಗೆ, ಅಕಾಡೆಮಿಗಳಿಗೆ, ಭಾನುವಾರದ ಪುರವಣಿಗಳ ಸಂಪಾದಕರಿಗೆ ನನ್ನ ಬೇಡಿಕೆ ಇಷ್ಟು. ಖರೀದಿಯಲ್ಲಿ 9ರಿಂದ 13ರ ವಯಸ್ಸಿನ ಕಾದಂಬರಿಗೆ ಪ್ರತ್ಯೇಕ ಪಾಲು ಇಡಿ. ನೀತಿ ಇದೆಯೇ ಎಂದು ಕೇಳಬೇಡಿ. ಪುರವಣಿಯಲ್ಲಿ ವಾರಕ್ಕೆ ಅರ್ಧ ಪುಟ ಬಿಟ್ಟುಕೊಟ್ಟು ಮಕ್ಕಳ ಧಾರಾವಾಹಿಯೊಂದನ್ನು ಒಂದು ವರ್ಷ ನಡೆಸಿ, ಲೇಖಕರಿಗೆ ಮರ್ಯಾದೆಯ ಸಂಭಾವನೆ ಕೊಡಿ. ಮತ್ತು ಮುಂದಿನ ಸಲ ಮಕ್ಕಳ ಕಾದಂಬರಿಗೆ ಬಹುಮಾನ ಕೊಡುವಾಗ ತೀರ್ಪುಗಾರರ ಮೂರು ಕುರ್ಚಿಗಳಲ್ಲಿ ಎರಡನ್ನು 12 ವರ್ಷದವರಿಗೆ ಬಿಡಿ. ಅವರು ಮುನ್ನುಡಿ ಓದುವುದಿಲ್ಲ.